ಕಲ್ಯಾಣದ ಕೆರೆಯ ನಾಕುದಾಗಳು

ಹುಮನಾಬಾದಿನ ನಮ್ಮ ಕಚೇರಿಗೆ ಯಾರೋ ಚುರುಮುರಿ ಕಟ್ಟಿಸಿಕೊಂಡು ತಂದ ಇಂಗ್ಲಿಷ್ ಪತ್ರಿಕೆಯ ಹಾಳೆಯಲ್ಲಿ ಬಿಳಿ ಹಾಯಿಯ ದೋಣಿಯೊಂದರ ಚಿತ್ರ ಇತ್ತು. ಅದರ ಕೆಳಗೆ ಸಾಲಾಗಿ ಹೆಸರುಗಳು. ನಾನು ಅಕ್ಷರ ಕೂಡಿಸಿ ‘ಯಾಚ್ಟ್’ ಎಂದು ಓದಿದೆ. ಹೆಡ್ ಕ್ಲಾರ್ಕ್ ನಕ್ಕು, “ಅದು ಯಾಟ್ ರೀ. ನಡುವಿಂದು ಬರೀತಾರ, ಅನ್ನೂದಿಲ್ಲ” ಎಂದರು. ಯಾವುದೋ ದೇಶದ ದೊಡ್ಡ ಸಿಹಿನೀರಿನ ಸರೋವರದಲ್ಲಿ ಹಾಯಿದೋಣಿಗಳು ಬಹಳ ದೂರ ಓಡುವ ಪಂದ್ಯವಂತೆ. ಕೆಳಗಿನವು ಹಿಂದಿನ ವರ್ಷಗಳಲ್ಲಿ ಗೆದ್ದವರ ಹೆಸರುಗಳಂತೆ. ಎಲ್ಲವನ್ನೂ ಒಂದೊಂದಾಗಿ ಬಾಯಿಬಿಟ್ಟು ಓದಿದೆ. ಮುಗಿದ ಮೇಲೆ ಯಾರೂ ಜವಾಬು ಕೊಡಲಿಲ್ಲವಲ್ಲ ಎನಿಸಿ ಹಾಳೆ ಮಡಿಚಿ ಇಟ್ಟೆ. ನಮ್ಮಲ್ಲಿ ಗೆದ್ದವರ ಹೆಸರನ್ನು ಬರೆದಿಡುತ್ತಿರಲಿಲ್ಲ, ಕೂಗುತ್ತಿದ್ದರು. ಕೂಗಿದರೆ ಜವಾಬು ಬರಬೇಕಿತ್ತು.

ಬಸವಕಲ್ಯಾಣವನ್ನು ನಾವು ಕಲ್ಯಾಣ ಎಂದೇ ಅನ್ನುವುದು. ಅಲ್ಲಿಯ ತ್ರಿಪುರಾಂತದ ಕೆರೆಯಲ್ಲಿ, ಮಳೆ ಚೆನ್ನಾಗಿ ಆದ ವರ್ಷ, ದಸರೆ ಮುಗಿದು ನೀರು ದಂಡೆಯ ಕಲ್ಲುಮೆಟ್ಟಿಲುಗಳ ಮೇಲಿನ ಪಾವಟಿಗೆಯವರೆಗೆ ಬಂದು ನಿಂತಾಗ ತೆಪ್ಪದ ಓಟ ಆಗುತ್ತಿತ್ತು. ತೆಪ್ಪ ಅಂದರೆ ಬಿದಿರಿನ ಚೌಕಟ್ಟು, ಅದರ ಕೆಳಗೆ ಬಾಯಿ ಬೆಸೆದ ಎಣ್ಣೆ ಡಬ್ಬಿಗಳು. ನಡುವೆ ಎರಡು ಗಳ ನಿಲ್ಲಿಸಿ ಒಂದು ಧೋತರ ಕಟ್ಟಿದರೆ ಅದೇ ಹಾಯಿ. ಒಬ್ಬ ಧೋತರದ ಸೆರಗು ಹಿಡಿದು ಗಾಳಿ ತುಂಬಿಸುವವ, ಇನ್ನೊಬ್ಬ ಹಿಂದೆ ನಿಂತು ಹಲಗೆಯಿಂದ ದಿಕ್ಕು ಹಿಡಿಯುವವ. ಪಾವಟಿಗೆಯಿಂದ ಹೊರಟು, ಆ ತುದಿಯ ಜಾಲಿಗಿಡ ಸುತ್ತಿ, ಏರಿಯ ಬದಿಯಿಂದ ತಿರುಗಿ ಬಂದು, ಮತ್ತೆ ಅದೇ ಸುತ್ತು. ಮುಂಜಾನೆ ಬಿಟ್ಟವರು ಬಿಸಿಲು ನೆತ್ತಿಗೆ ಬಂದಾಗ ಮುಟ್ಟುತ್ತಿದ್ದರು. ಗಾಳಿ ನಿಂತರೆ ಇನ್ನೂ ತಡ. ದಂಡೆಯ ಮೇಲಿದ್ದವರು ರೊಟ್ಟಿ ಬಿಚ್ಚಿ ತಿಂದು, ಕೈ ತೊಳೆದು, ಮತ್ತೆ ನೋಡುತ್ತ ಕೂಡುತ್ತಿದ್ದರು.

ದಿಕ್ಕು ಹಿಡಿದು ಗೆದ್ದವನಿಗೆ ‘ನಾಕುದಾ’ ಎನ್ನುತ್ತಿದ್ದರು. ಹಾರ ತುರಾಯಿ ಏನೂ ಇಲ್ಲ. ಆ ವರ್ಷ ಹೋಟೆಲಿಗೆ ಹೋದರೆ, “ನಾಕುದಾ ಬಂದ್ರು, ಸರೀರೋ” ಎಂದು ಬೆಂಚಿನ ಮೇಲೆ ಜಾಗ ಬಿಡುತ್ತಿದ್ದರು, ಅಷ್ಟೆ. ಆದರೆ ಮುಂದಿನ ಓಟಕ್ಕೆ ಮೊದಲು, ಎಲ್ಲರಿಗಿಂತ ಹೆಚ್ಚು ಸಲ ಗೆದ್ದ ಮುದುಕರೊಬ್ಬರು ಪಾವಟಿಗೆಯ ಮೇಲೆ ನಿಂತು ಹಿಂದಿನ ನಾಕುದಾಗಳ ಹೆಸರನ್ನೆಲ್ಲ ಮೊದಲಿನಿಂದ ಕೂಗುತ್ತಿದ್ದರು. ಅವರನ್ನು ಎಲ್ಲರೂ ದೊಡ್ಡಕಾಕಾ ಎನ್ನುತ್ತಿದ್ದರು. ಇದ್ದವರು “ಹಾಜರ್!” ಎನ್ನಬೇಕು. ಸತ್ತವರಿಗಾಗಿ ಅವರ ಮಗನೋ ತಮ್ಮನೋ “ಹಾಜರ್!” ಎನ್ನಬೇಕು. ಹಾಗೆ ಜವಾಬು ಕೊಡುವವನು ತಾನೂ ಒಮ್ಮೆಯಾದರೂ ತೆಪ್ಪ ನಡೆಸಿರಬೇಕು. ಜವಾಬು ಬಾರದ ಹೆಸರನ್ನು ಕೆಲವು ವರ್ಷ ಕೂಗಿ ನೋಡಿ, ಆಮೇಲೆ ಬಿಟ್ಟುಬಿಡುತ್ತಿದ್ದರು.

ಇನ್ನೊಂದು ಕಟ್ಟು ಇತ್ತು. ಓಟಕ್ಕೆ ನಾಲ್ಕೇ ತೆಪ್ಪ. ಯಾಕೆ ಎಂದು ಕೇಳಿದರೆ, ನಾಕುದಾ ಅಂದರೆ ನಾಕರೊಳಗಿನವ, ಅಷ್ಟೂ ತಿಳಿಯುವುದಿಲ್ಲವೇ ಎನ್ನುತ್ತಿದ್ದರು. ನಾಲ್ಕು ತೆಪ್ಪಗಳು ನಾಲ್ಕು ಮನೆಗಳಿಗೆ ಸೇರಿದ್ದವು. ಒಂದು ನಮ್ಮ ಮನೆಯದಾಗಿತ್ತು.

ನನ್ನ ಅಪ್ಪ ಒಂದೇ ಒಂದು ಸಲ ಗೆದ್ದಿದ್ದ. ಆ ಓಟ ನನಗೆ ನೆನಪಿಲ್ಲ. ನೆನಪಿರುವುದು ಬೇವಿನ ಟೊಂಗೆಯ ಮೇಲೆ ಒಣಹಾಕಿದ ಧೋತರ ಮತ್ತು ಅದರ ಅಂಚಿಗೆ ಹತ್ತಿದ್ದ ಪಾಚಿಯ ಹಸಿರು. ಅವ್ವ ಅದನ್ನು ಎರಡೆರಡು ಸಲ ಒಗೆದರೂ ಹೋಗಿರಲಿಲ್ಲ. ಮುಂದಿನ ದಸರೆಗೆ ಮೊದಲೇ ಅಪ್ಪ ಜ್ವರ ಬಂದು ತೀರಿಕೊಂಡ. ಅವ್ವ ನನ್ನನ್ನು ಕರೆದುಕೊಂಡು ಹುಮನಾಬಾದಿಗೆ, ತನ್ನ ಅಣ್ಣನ ಮನೆಗೆ ಬಂದಳು. ನಮ್ಮ ಜಾಗ ಬೇರೆ ಮನೆಗೆ ಹೋಯಿತು. ಅದರಲ್ಲಿ ಯಾರ ತಪ್ಪೂ ಇಲ್ಲ, ನಾಲ್ಕು ತುಂಬಬೇಕಿತ್ತು.

ಹುಮನಾಬಾದಿನಲ್ಲಿ ನಾನು ಸಾಲೆಗೆ ಹೋಗಲಿಲ್ಲ. ಕೈಗೆ ಬಲ ಬಂದ ಕೂಡಲೇ ದಾಲ್ ಮಿಲ್ಲಿಗೆ ಹೋದೆ. ತೊಗರಿಯ ಧೂಳು ಕಣ್ಣಿನ ರೆಪ್ಪೆಗೆಲ್ಲ ಹತ್ತುತ್ತಿತ್ತು. ಅವ್ವ ಕಲ್ಯಾಣದ ಮಾತು ತೆಗೆಯುತ್ತಿರಲಿಲ್ಲ. ಅಪ್ಪನ ಹೆಸರನ್ನಂತೂ ಬಾಯಿಂದ ತೆಗೆಯುವ ರೂಢಿಯೇ ಅವಳಿಗಿರಲಿಲ್ಲ. ನನ್ನೆದುರು “ನಿಮ್ಮಪ್ಪ”, ಬೇರೆಯವರೆದುರು “ಅವರು”. ಅಲ್ಲಿಂದ ಬಂದವರು ಯಾರಾದರೂ, “ಈ ವರ್ಷನೂ ದೊಡ್ಡಕಾಕಾ ಕೂಗಿದ್ರು, ಜವಾಬಿಲ್ಲ” ಎಂದು ಹೇಳಿದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದಳು.

ನನ್ನ ಮೀಸೆ ದಪ್ಪವಾದ ಮೇಲೆ ಒಂದು ವರ್ಷ ಮಿಲ್ಲಿಗೆ ರಜೆ ಹಾಕಿ ಓಟ ನೋಡಲು ಹೋದೆ. ದೊಡ್ಡಕಾಕಾ ಕೂಗುತ್ತ ಬಂದರು. “ಹಾಜರ್! ಹಾಜರ್!” ಎಂದು ಒಂದೊಂದು ಕಡೆಯಿಂದ ಜವಾಬು. ಅಪ್ಪನ ಹೆಸರು ಬಂತು. ಯಾರೂ ಮಾತಾಡಲಿಲ್ಲ. ನಾನು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು.

“ಯಾರಪಾ ನೀ?”

“ಅವರ ಮಗಾ ರೀ. ಹುಮನಾಬಾದಿನಾಗ ಇರ್ತೀನ್ರಿ.”

“ಮಗಾ ಇದ್ದೀದಿ, ಖರೆ. ಮಾರೀ ನೋಡಿದ್ರ ಗೊತ್ತಾಗ್ತದ. ತೆಪ್ಪ ನಡಸೀಯೇನು?”

“ಇಲ್ರಿ. ಇವತ್ತ ನಡಸ್ತೀನ್ರಿ.”

“ನಾಕು ಆಗ್ಯಾವಲ್ಲೋ ತಮ್ಮಾ.”

ಪಕ್ಕದಲ್ಲಿ ಕೂತಿದ್ದ ದರ್ಜಿ ಕಾಕಾ ಬೀಡಿ ಬಾಯಿಂದ ತೆಗೆದು, “ಬಿಡ್ರಿ ಅವಂಗೂ ಒಂದು. ಗೆದ್ರ ಐದುದಾ ಅಂತ ಕರದ್ರಾತು” ಎಂದ. ಪಾವಟಿಗೆ ತುಂಬ ನಗು. ದೊಡ್ಡಕಾಕಾ ನಗಲಿಲ್ಲ. ನನ್ನ ಹತ್ತಿರ ಬಂದು ಮೆಲ್ಲಗೆ, “ನೋಡು ತಮ್ಮಾ, ಜವಾಬಿಲ್ಲದ ಹೆಸರು ನಾ ಇನ್ನ ಭಾಳ ವರ್ಷ ಕೂಗಾಕ ಬರೂದಿಲ್ಲ. ಮಂದಿ ಅಂತಾರ. ಇನ್ನೊಂದ ಸಲ ಕೂಗ್ತೀನಿ” ಎಂದರು.

ಆ ವರ್ಷವೇ ನಾನು ಹುಮನಾಬಾದಿನಲ್ಲಿ ದೊಡ್ಡವರಿಗಾಗಿ ನಡೆಯುತ್ತಿದ್ದ ಸಂಜೆ ಸಾಲೆಗೆ ಸೇರಿದ್ದೆ. ನಮ್ಮ ಮಾಸ್ತರರು ಉರ್ದು ಓದಿ ಆಮೇಲೆ ಕನ್ನಡ ಕಲಿತವರು. ಒಂದು ದಿನ, ನಿಮಗೆ ಗೊತ್ತಿದ್ದ ಒಂದು ಮಾತು ಬರೆಯಿರಿ ಎಂದರು. ಯಾರೋ ‘ರೊಟ್ಟಿ’ ಬರೆದರು, ಯಾರೋ ‘ಎಮ್ಮೆ’. ನಾನು ಹಲಗೆಯ ಮೇಲೆ ‘ನಾಕುದಾ’ ಎಂದು ಬರೆದೆ. ಅರ್ಥ ಕೇಳಿದರು. ಹೇಳಿದೆ. ಮಾಸ್ತರರು ನಕ್ಕು ನಕ್ಕು ಕಣ್ಣೊರೆಸಿಕೊಂಡರು.

“ಅದು ನಾಕು ಅಲ್ಲೋ ಮಾರಾಯ. ನಾಖುದಾ! ಉರ್ದೂದಾಗ ಹಡಗ ನಡಸಾಂವಗ ಹಂಗ ಅಂತಾರ. ನಿಜಾಮನ ಕಾಲದಾಗ ಯಾವನೋ ಸಾಹೇಬ ನಿಮ್ಮ ತೆಪ್ಪ ನೋಡಿ ವಾಹ್ ನಾಖುದಾ ಅಂದಿರಬೇಕು. ನಿಮ್ಮವರು ಎಣಸಾಕ ಕೂತ್ರು!”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಆ ಮಾತಿನಲ್ಲಿ ಲೆಕ್ಕವೇ ಇರಲಿಲ್ಲ ಅಂದಮೇಲೆ ಐದನೆಯ ತೆಪ್ಪಕ್ಕೆ ಅಡ್ಡಿ ಏನು? ಮುಂದಿನ ದಸರೆಯವರೆಗೆ ನಾನು ಅದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಚೀಲ ಹೊತ್ತೆ.

ಕೆರೆ ತುಂಬಿದ ಸುದ್ದಿ ಬಂದ ಕೂಡಲೇ ಹೋದೆ. ಪಾವಟಿಗೆಯ ಮೇಲೆ ನಾಲ್ಕು ಮನೆಯವರೂ ಡಬ್ಬಿಗಳಿಗೆ ಡಾಂಬರು ಹಚ್ಚುತ್ತ ಕೂತಿದ್ದರು. ಮಾಸ್ತರರು ಹೇಳಿದ್ದನ್ನು ಹೇಳಿದೆ.

“ಕೇಳ್ರಪಾ, ಸಾಲಿಗಿ ಹೋಗಿ ಬಂದು ನಮಗ ಎಣಿಕಿ ಕಲಸಾಕತ್ತಾನ” ಎಂದ ಒಬ್ಬ.

“ಹಂಗಾರ ನಾಕು ಅನ್ನೂದು ಎಲ್ಲಿಂದ ಬಂತು?” ದೊಡ್ಡಕಾಕಾ ಕೇಳಿದರು.

“ನಮ್ಮ ಕಿವಿಯಿಂದ” ಎಂದ ದರ್ಜಿ ಕಾಕಾ.

ದೊಡ್ಡಕಾಕಾ ಡಾಂಬರಿನ ಕೈಯನ್ನು ಅರಿವೆಗೆ ಒರೆಸಿಕೊಂಡರು. “ನಮ್ಮಪ್ಪನೂ ನಾಕs ಅಂತಿದ್ದ. ಎಷ್ಟ ಮಂದೀಗಿ ಇಲ್ಲೇ ಪಾವಟಿಗಿ ಮ್ಯಾಲಿಂದ ವಾಪಸ್ ಕಳಿಸೀವೋ ಏನೋ” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಕಟ್ಟು ನಿಂದೊಂದು. ಈ ಸಲ ನಡಸು, ಬರೂ ವರ್ಷ ಜವಾಬು ಕೊಡು. ಅಲ್ಲೀತನಕ ನಿಮ್ಮಪ್ಪನ ಹೆಸರು ನಾ ಬಿಡೂದಿಲ್ಲ” ಎಂದರು.

ಹುಮನಾಬಾದಿಗೆ ಬಂದು ಅವ್ವನನ್ನು ಓಟ ನೋಡಲು ಕರೆದೆ. “ನಾ ಒಲ್ಲೆ, ನೀ ಹೋಗಿ ಬಾ” ಎಂದಳು. ಆದರೆ ಹೊರಡುವಾಗ ಪೆಟ್ಟಿಗೆಯ ತಳದಿಂದ ಒಂದು ಧೋತರ ತೆಗೆದು ಕೊಟ್ಟಳು. ಬಿಚ್ಚಿ ನೋಡಲು ನನಗೆ ಧೈರ್ಯ ಆಗಲಿಲ್ಲ. ಗಳಕ್ಕೆ ಕಟ್ಟುವಾಗಲೇ ಬಿಚ್ಚಿದ್ದು, ಅಂಚಿನಲ್ಲಿ ಪಾಚಿಯ ಹಸಿರು ಹಾಗೇ ಇತ್ತು.

ಧೋತರ ಹಿಡಿಯಲು ದರ್ಜಿ ಕಾಕಾ ತಾನಾಗಿಯೇ ಬಂದ. ಅಪ್ಪ ಗೆದ್ದ ವರ್ಷ ಸೆರಗು ಹಿಡಿದವನು ಅವನೇ ಎಂದು ಆಗ ಗೊತ್ತಾಯಿತು. ಐದು ತೆಪ್ಪ ಒಮ್ಮೆಲೇ ನೀರಿಗೆ ಬಿದ್ದವು. ನಮ್ಮದು ಮೊದಲು ಗಿರ್ರನೆ ಒಂದು ಸುತ್ತು ತಿರುಗಿತು. ದಂಡೆಯಿಂದ, “ಗಾಣಾ ಕಟ್ಟೀರೇನ್ರೋ!” ಎಂದು ಕೂಗಿದರು.

“ಎಲ್ಲಿ ನೋಡಾಕತ್ತೀ ನೀ?” ದರ್ಜಿ ಕಾಕಾ ಕೇಳಿದ.

“ಜಾಲಿಗಿಡ ರೀ.”

“ಗಿಡ ಎಲ್ಲಿ ಓಡಿ ಹೋಗ್ತದ? ನಿಮ್ಮಪ್ಪ ಗಿಡ ನೋಡ್ತಿದ್ದಿಲ್ಲ. ನೀರ ನೋಡ್ತಿದ್ದ. ಅಕಾ ಅಲ್ಲಿ, ಕರ್ರಗ ನಿರಗಿ ನಿರಗಿ ಆಗಿ ಬರಾಕತ್ತದಲ್ಲ, ಅದು ಗಾಳಿ. ಅದರ ಎದುರಿಗಿ ಹೋಗು.”

ಹೋದೆ. ಧೋತರ ಪಟ್ಟನೆ ತುಂಬಿತು. ಕಾಲ ಕೆಳಗೆ ಡಬ್ಬಿಗಳು ಗುಳುಗುಳು ಸದ್ದು ಮಾಡತೊಡಗಿದವು. ಆ ಸ್ವಲ್ಪ ಹೊತ್ತು ಹೇಗಿತ್ತು ಎಂದು ಬರೆಯಲು ಎಷ್ಟೋ ಸಲ ಕೂತಿದ್ದೇನೆ, ಬಂದಿಲ್ಲ. ಕೆರೆಯ ನಡುವೆ ಗಾಳಿ ನಿಂತಿತು. ಉಳಿದ ನಾಲ್ಕೂ ಮುಂದೆ ಹೋಗಿದ್ದವು. ದರ್ಜಿ ಕಾಕಾ ಸೆರಗು ಬಿಟ್ಟು ಕೂತ.

“ನಿಮ್ಮಪ್ಪ ದಂಡೀ ಮ್ಯಾಲ ಭಾಳ ಮಾತಾಡಾಂವಲ್ಲ. ನೀರಾಗ ಬಂದ್ರ ಬರೇ ನಿಮ್ಮವ್ವನ ಮಾತು. ಅಕೀ ಹಿಂಗ ಅಂದ್ಳು, ಅಕೀ ಹಂಗ ಅಂದ್ಳು. ಗೆದ್ದ ದಿನಾನೂ ಅದs. ನನಗ ತಲೀ ಚಿಟ್ಟ ಹಿಡದಿತ್ತು.”

ನಾವು ಎಲ್ಲರಿಗಿಂತ ಹಿಂದೆ ಬಂದೆವು. ದಂಡೆ ಅರ್ಧ ಖಾಲಿಯಾಗಿತ್ತು. ದೊಡ್ಡಕಾಕಾ ಮಾತ್ರ ನಿಂತೇ ಇದ್ದರು.

ಮನೆಗೆ ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೊನೆಗೆ ಬಂದದ್ದನ್ನು ಹೇಳಿದೆ. ದರ್ಜಿ ಕಾಕಾ ಹೇಳಿದ್ದನ್ನೂ ಹೇಳಿದೆ. ಅವಳ ಕೈ ನಿಂತಿತು.

“ಮತ್ತೇನಂದ್ರು?”

“ಅಷ್ಟs ಅವ್ವಾ.”

“ಛಲೋ ನೆನಪ ಮಾಡಿ ಹೇಳು” ಎಂದಳು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಬಂತು.

ನಾನು ಬರುವ ವರ್ಷಕ್ಕೆ ಕಾದೆ. ಮಿಲ್ಲಿನ ಹಿಂದೆ ಯಾರೂ ಇಲ್ಲದಾಗ ಒಂದೆರಡು ಸಲ “ಹಾಜರ್” ಎಂದು ಕೂಗಿಯೂ ನೋಡಿದ್ದೆ. ಆ ವರ್ಷ ಮಳೆ ಬರಲಿಲ್ಲ. ಅದರ ಮುಂದಿನ ವರ್ಷವೂ ಬರಲಿಲ್ಲ. ಕೆರೆಯ ಅಂಗಳದಲ್ಲಿ ದನ ಮೇಯುತ್ತಿದ್ದವು, ಜಾಲಿಗಿಡದವರೆಗೆ ನಡೆದೇ ಹೋಗಬಹುದಿತ್ತು. ಮತ್ತೆ ನೀರು ಬರುವ ಹೊತ್ತಿಗೆ ದರ್ಜಿ ಕಾಕಾ ತೀರಿಕೊಂಡಿದ್ದ. ನಾಲ್ಕು ಮನೆಗಳಲ್ಲಿ ಎರಡು ಮನೆಯವರು ಊರು ಬಿಟ್ಟಿದ್ದರು. ದೊಡ್ಡಕಾಕಾರ ಕಣ್ಣು ಹೋಗಿ, ಪಾವಟಿಗೆಯವರೆಗೆ ಬರಲು ಆಗುತ್ತಿರಲಿಲ್ಲ. ಡಬ್ಬಿ ಕಟ್ಟುವವರು ಸಿಕ್ಕರೂ ಹೆಸರು ಕೂಗುವವರು ಇರಲಿಲ್ಲ, ಕೂಗದೆ ಬಿಡುವ ರೂಢಿ ಇರಲಿಲ್ಲ. ಹಾಗೆ ಓಟ ನಿಂತಿತು. ಯಾರೂ ನಿಲ್ಲಿಸಿದ್ದಲ್ಲ.

ದೊಡ್ಡಕಾಕಾ ಹಾಸಿಗೆ ಹಿಡಿದಿದ್ದಾರೆ ಎಂದು ಕೇಳಿ ನೋಡಲು ಹೊರಟೆ. ಚಪ್ಪಲಿ ಮೆಟ್ಟುವಾಗ ಅವ್ವ ಸೀರೆ ಬದಲಿಸಿ ಬಂದು ನಿಂತಿದ್ದಳು. “ನಾನೂ ಬರ್ತೀನಿ” ಎಂದಳು. ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕೂತಳು. ಹೆದ್ದಾರಿಯಿಂದ ಕಲ್ಯಾಣಕ್ಕೆ ದಾರಿ ಒಡೆಯುವ ಬಂಗ್ಲಾದಲ್ಲಿ ಇಳಿದು ಟಾಂಗಾ ಹಿಡಿದೆವು.

ಮಧ್ಯಾಹ್ನದ ಬಿಸಿಲು ಬಾಗಿಲವರೆಗೆ ಬಂದಿತ್ತು. ದೊಡ್ಡಕಾಕಾ ಹೊರಸಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಸೊಸೆ ಕಿವಿಯ ಹತ್ತಿರ ಬಗ್ಗಿ, “ಮಾಮಾ, ಹುಮನಾಬಾದಿಂದ ಬಂದಾರ್ರಿ” ಎಂದಳು.

“ಯಾರು, ಐದನೇದಾಂವ?” ಎಂದು ಹೊರಳಿದರು. ಮುಖದಲ್ಲಿ ನಗು ಇತ್ತು.

“ಹೌದ್ರಿ ಕಾಕಾ. ಅವ್ವನೂ ಬಂದಾಳ್ರಿ.”

ಅವರು ಗಾಳಿಯಲ್ಲೇ ಕೈ ಮುಗಿದರು. ಅವ್ವ ಸೆರಗು ಸರಿಮಾಡಿಕೊಂಡು ಹೊಸ್ತಿಲ ಹತ್ತಿರ ಕೂತಳು. ಮಳೆ, ಜ್ವಾಳ, ಸಂಜೆ ಸಾಲೆಯ ಓದಿನಿಂದ ಸಿಕ್ಕ ನನ್ನ ಕಚೇರಿಯ ನೌಕರಿ, ಎಲ್ಲ ಮಾತಾದ ಮೇಲೆ ನಾನು ಕೇಳಿಯೇಬಿಟ್ಟೆ.

“ಕಾಕಾ, ಒಮ್ಮಿ ಕೂಗ್ರಿ.”

“ಇಲ್ಲೇನು? ಮನ್ಯಾಗ?”

“ಹೌದ್ರಿ.”

ಅವರು ಸೊಸೆಯನ್ನು ಕರೆದು ತಮ್ಮನ್ನು ಎಬ್ಬಿಸಿ ಕೂಡಿಸಲು ಹೇಳಿದರು. ಗಂಟಲು ಸರಿಮಾಡಿಕೊಂಡು ಮೊದಲಿನ ನಾಕುದಾನಿಂದ ಹಿಡಿದರು. ದನಿ ಬಾಗಿಲು ದಾಟುವಷ್ಟೂ ಇರಲಿಲ್ಲ. ಪ್ರತಿ ಹೆಸರಿಗೂ ಜವಾಬಿಗಾಗಿ ಬೇಕಾದಷ್ಟು ಜಾಗ ಬಿಟ್ಟು ಮುಂದಿನದಕ್ಕೆ ಹೋಗುತ್ತಿದ್ದರು. ಒಂದು ಕಡೆ ತಪ್ಪಿದರು, ಹಣೆ ಒತ್ತಿಕೊಂಡು ಮತ್ತೆ ಮೊದಲಿನಿಂದ ಬಂದರು. ಸೊಸೆ, “ಸಾಕ್ರಿ, ದಣೀತಾರ” ಎಂದಳು. ಅವರು ಕೈಸನ್ನೆ ಮಾಡಿ ಸುಮ್ಮನಿರಿಸಿದರು.

ಅಪ್ಪನ ಹೆಸರು ಬಂತು.

ನನ್ನ ಬಾಯಿ ತೆರೆದೇ ಇತ್ತು. ಅಷ್ಟರಲ್ಲಿ ಹೊಸ್ತಿಲ ಕಡೆಯಿಂದ, ತಗ್ಗಿದ ದನಿಯಲ್ಲಿ, ಯಾರೋ ಮನೆಗೆ ಬಂದು ಗಂಡನನ್ನು ಕೇಳಿದಾಗ ಒಳಗಿನಿಂದ ಹೇಳುವ ಹಾಗೆ, ಅವ್ವ ಹೇಳಿದಳು:

“ಅದಾರ್ರಿ.”

ದೊಡ್ಡಕಾಕಾ ತಲೆ ಆಡಿಸಿದರು. ಉಸಿರು ತೆಗೆದುಕೊಂಡು ಮುಂದಿನ ಹೆಸರು ಕೂಗಿದರು.