ಕಲ್ಲದಾರಿಯ ಶರ್ಯತ್ತು ಗೆದ್ದ ದಿನ

ನಮ್ಮ ಮದುವೆಯ ಮಾತುಕತೆಯಲ್ಲಿ ಸೋದರಮಾವ ವರನ ಬಗ್ಗೆ ಮುಚ್ಚಿಡದೆ ಹೇಳಿದ ಕುಂದು ಒಂದೇ. "ಹುಡುಗ ಅಗದಿ ಛೊಲೋ ಅದಾನ. ಕುಡಿಯಂಗಿಲ್ಲ, ಸೇದಂಗಿಲ್ಲ. ಆದ್ರ ಕಲ್ಲದಾರಿ ಸೈಕಲ್ ಶರ್ಯತ್ತಿನ್ಯಾಗ ಮಾತ್ರ ಒಮ್ಮೆನೂ ಮೊದಲನೇ ನಂಬರ್ ಬಂದಿಲ್ಲ ನೋಡವಾ." ಯಾವುದೋ ಹಳೆಯ ಕಾಯಿಲೆಯ ವಿಷಯ ಹೇಳುವಂತಿತ್ತು ಅವರ ಧ್ವನಿ.

ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ನಾನು ತಿರ್ಲಾಪುರದವಳು, ಹತ್ತಿ ಬೆಳೆಯುವ ಕರಿಮಣ್ಣಿನ ಸೀಮೆಯಿಂದ ಬಂದವಳು. ಶಿಕ್ಷಕಿಯ ತರಬೇತಿ ಮುಗಿಸಿ ಹೊಸದಾಗಿ ನೌಕರಿಗೆ ಸೇರಿದ್ದೆ. ಮದುವೆಯಾಗಿ ಬಮ್ಮಿಗಟ್ಟಿಗೆ ಬಂದ ಮೇಲೆಯೇ ತಿಳಿದದ್ದು, ನನ್ನ ಗಂಡನ ಮೇಲೆ ನನಗಿಂತ ಹೆಚ್ಚಿನ ಹಕ್ಕು ಸಾಧಿಸುವವರು ನಾಲ್ಕು ತಾಲೂಕಿನ ತುಂಬ ಇದ್ದಾರೆಂದು.

ಅವರ ಕಸುಬೇ ಸೈಕಲ್ ಓಡಿಸುವುದು. ಮಳೆಗಾಲದಲ್ಲಿ ಮನೆಯ ಹೊಲ. ದಸರೆ ಮುಗಿದು ಯುಗಾದಿ ಬರುವವರೆಗೆ ಊರೂರು ತಿರುಗಿ ಶರ್ಯತ್ತು. ಕುಂದಗೋಳದಲ್ಲಿ ಗೆದ್ದ ಹಿತ್ತಾಳೆಯ ಹಂಡೆ, ಅಣ್ಣಿಗೇರಿಯಲ್ಲಿ ಗೆದ್ದ ಗೋಡೆ ಗಡಿಯಾರ, ನವಲಗುಂದದ ಜಮಖಾನೆ, ಹೀಗೆ ನಮ್ಮ ಮನೆಯ ಅರ್ಧ ಸಾಮಾನು ಅವರ ಕಾಲಿನ ಗಳಿಕೆ. ಜನ ಅವರನ್ನು 'ಸೈಕಲ್ ಪೈಲ್ವಾನ' ಎನ್ನುತ್ತಿದ್ದರು. ಬಸ್ಸಿನಲ್ಲಿ ಕೂತರೆ ಯಾರಾದರೂ ಎದ್ದು ಜಾಗ ಕೊಡುತ್ತಿದ್ದರು. ಬಿಸಿಲಲ್ಲಿ ಅಭ್ಯಾಸಕ್ಕೆ ಹೊರಟರೆ ಹೊಲದಲ್ಲಿದ್ದ ಹೆಂಗಸರು ಕಳೆ ಕೀಳುವುದು ಬಿಟ್ಟು, "ಅಣ್ಣಾ, ಮಜ್ಜಿಗಿ ಕುಡದು ಹೋಗ್ರಿ" ಎಂದು ಕೂಗುತ್ತಿದ್ದರು. ಅವರೂ ನಿಲ್ಲುತ್ತಿದ್ದರು. ಗೆದ್ದಾಗಲೂ ಸೋತಾಗಲೂ ಎಲ್ಲರ ಹತ್ತಿರ ಅದೇ ನಗುಮುಖದಿಂದ ಮಾತಾಡುತ್ತಿದ್ದದ್ದಕ್ಕೇ ಇರಬೇಕು ಆ ಪ್ರೀತಿ.

ಆದರೆ ನಮ್ಮೂರ ಬಾಗಿಲಲ್ಲೇ ನಡೆಯುವ ಶರ್ಯತ್ತು ಅವರಿಗೆ ಒಲಿದಿರಲಿಲ್ಲ. ಬಮ್ಮಿಗಟ್ಟಿಯ ಹೆಬ್ಬಾಗಿಲಾದ ಅಗಸಿಯಿಂದ ಹೊರಟು, ಕಲಘಟಗಿ ದಾಟಿ, ತಂಬೂರ ಮುಟ್ಟಿ, ಅದೇ ದಾರಿಯಲ್ಲಿ ಮರಳಿ ಅಗಸಿಗೇ ಬರಬೇಕು. ಊರ ಹತ್ತಿರದ ಮೂರು ಮೈಲಿಯೇ ಕಲ್ಲದಾರಿ. ಮಳೆಗಾಲದಲ್ಲಿ ಎತ್ತಿನ ಚಕ್ಕಡಿಗಳು ಹೂತುಹೋಗದಿರಲೆಂದು ಹಿಂದೆ ಯಾವಾಗಲೋ ನೆಲಕ್ಕೆ ಕಲ್ಲು ಕೂಡಿಸಿ ಮಾಡಿದ್ದು. ಒಂದೊಂದು ಕಲ್ಲೂ ರೊಟ್ಟಿ ಹಂಚಿನಷ್ಟು. ಚಕ್ಕಡಿ ಗಾಲಿಯ ಕಬ್ಬಿಣದ ಹಳಿ ತಿಕ್ಕಿ ತಿಕ್ಕಿ ಅವುಗಳ ಅಂಚು ಸವೆದು ಬೆನ್ನು ಮೇಲೆದ್ದಿತ್ತು. ನಡುವಿನ ಸಂದುಗಳಲ್ಲಿ ಸೈಕಲ್ಲಿನ ಗಾಲಿ ಸಿಕ್ಕಿಬೀಳುತ್ತಿತ್ತು. ಅಲ್ಲಿ ಒಂದು ವರ್ಷ ಅವರ ಚೈನು ಹರಿಯಿತು. ಒಂದು ವರ್ಷ ಎಮ್ಮೆ ಅಡ್ಡಬಂತು. ಇನ್ನೊಂದು ವರ್ಷ ಮುಂದೆ ಬಿದ್ದವನ ತಲೆಯಿಂದ ರಕ್ತ ಸುರಿಯುವುದು ಕಂಡು ಇವರೇ ಇಳಿದು ತಮ್ಮ ರುಮಾಲು ಕಟ್ಟಿದರು. ಅಷ್ಟರಲ್ಲಿ ನಾಲ್ಕು ಜನ ದಾಟಿ ಹೋಗಿದ್ದರು. ನಾನು ಬಂದ ಮೇಲಿನ ಎರಡು ವರ್ಷ ಎರಡನೆಯ ಸ್ಥಾನ. ಎರಡೂ ಸಲ ಪಂಕ್ಚರು.

ಎರಡನೆಯ ಸಲ ಸೋತು ಬಂದ ಸಂಜೆ ಅವರು ಹಿತ್ತಲಲ್ಲಿ ಕೂತು ಸುಮ್ಮನೆ ಗಾಲಿ ತಿರುಗಿಸುತ್ತಿದ್ದರು. ಅವರು ಹಾಗೆ ಕೂತದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ಪಂಕ್ಚರ್ ತೆಗಿಯೂದ್ರಾಗ ಎಷ್ಟೊತ್ತು ಹೋತ್ರಿ?" ಎಂದು ಕೇಳಿದೆ.

"ಅವರು ಒಂದು ಮೈಲಿ ಮುಂದ ಹೋಗೂವಷ್ಟು."

"ತಯಾರಿದ್ದ ಗಾಲಿ ಯಾರರ ಕೊಟ್ರ?"

"ಕೊಡಬಹುದು. ಹೊರಗಿನವರ ಸಹಾಯಕ್ಕ ಅಡ್ಡಿ ಇಲ್ಲ. ಆದ್ರ ಆ ಕಲ್ಲಿನ ದಾರ್ಯಾಗ ನನಗ ಗಾಲಿ ಹಿಡಕೊಂಡು ಯಾರು ನಿಂದರ್ತಾರ?"

"ನಾ ನಿಂದರ್ತೀನಿ," ಎಂದೆ.

ಅವರು ನಕ್ಕರು. ಒಳಗಿದ್ದ ಅತ್ತೆ ಮಾತ್ರ ನಗಲಿಲ್ಲ. ಅತ್ತೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ತಾವೇ ಚಕ್ಕಡಿ ಹೊಡೆದು, ಬಿತ್ತಿ ಬೆಳೆದು ಮಗನನ್ನು ಸಾಕಿದವರು. ಬಾಗಿಲಿಗೆ ಬಂದು, "ನಗತೀ ಯಾಕಲೇ? ಕಲಿಸು ಆಕಿಗೆ," ಎಂದರು.

ಗಾಲಿ ಬದಲಿಸುವ ಪಾಠ ಹಾಗೆ ಶುರುವಾಯಿತು. ಶಾಲೆಯಿಂದ ಬಂದು ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ ಅಂಗಳದಲ್ಲಿ ಕೂರುತ್ತಿದ್ದೆ. ಮುಂದಿನ ಗಾಲಿ ಸುಲಭ. ಹಿಂದಿನದಕ್ಕೆ ಚೈನಿನ ಕಾಟ. ಕೈಗೆ ಹತ್ತಿದ ಗ್ರೀಸು ಮರುದಿನ ಬಳಪ ಹಿಡಿದಾಗಲೂ ಕಾಣುತ್ತಿತ್ತು. ಅತ್ತೆ ಮಜ್ಜಿಗೆ ಕಡೆಯುತ್ತ ಕಡೆಗೋಲಿನ ಎಳೆತ ಎಣಿಸುತ್ತಿದ್ದರು. ಮೊದಲ ದಿನ ಅವರ ಬೆಣ್ಣೆ ಬಂದು ಮುಗಿದರೂ ನನ್ನ ಗಾಲಿ ಕೂತಿರಲಿಲ್ಲ. ಆ ವರ್ಷದ ಸುಗ್ಗಿಯ ಹೊತ್ತಿಗೆ ಹಿಂದಿನ ಗಾಲಿಗೆ ಅರವತ್ತು ಎಳೆತ, ಮುಂದಿನದಕ್ಕೆ ಮೂವತ್ತು. ಓಣಿಯ ಹೆಂಗಸರು, "ಮಾಸ್ತರಬಾಯಿ ಸೈಕಲ್ ಅಂಗಡಿ ಇಡ್ತಾರೇನ?" ಎಂದು ಚೇಷ್ಟೆ ಮಾಡುತ್ತಿದ್ದರು. ನೋಡಲು ಬರುವುದನ್ನು ಮಾತ್ರ ಬಿಡುತ್ತಿರಲಿಲ್ಲ.

ಇನ್ನೊಂದು ಪಾಠವೂ ಆ ಅಂಗಳದಲ್ಲೇ ನಡೆಯಿತು. ಅದರ ಗುರು ಅತ್ತೆ. ಮಗ ಹ್ಯಾಂಡಲನ್ನು ಉಸಿರು ಬಿಗಿಹಿಡಿದು ಹಿಡಿಯುವುದನ್ನು ನೋಡಿ ಒಂದು ದಿನ ಹೇಳಿದರು: "ಕಲ್ಲಿನ ಮ್ಯಾಲ ಚಕ್ಕಡಿ ಹೊಡಿಯೋವಾಗ ಹಗ್ಗ ಜಗ್ಗಿ ಹಿಡಿದ್ರ ಎತ್ತು ಮುಗ್ಗರಸ್ತಾವ. ಸಡಲ ಬಿಡಬೇಕು. ದಾರಿ ಅವಕ್ಕ ಗೊತ್ತಿರತದ. ನಿನ್ನ ಸೈಕಲ್ಲಿಗೂ ಹಂಗ ಬಿಟ್ಟು ನೋಡು." ಇಷ್ಟು ವರ್ಷ ಯಾರೂ ಹೇಳದಿದ್ದ ಮಾತು. ನನ್ನವರು ಆ ಚಳಿಗಾಲವಿಡೀ ಬೆಳಗಿನ ಹೊತ್ತು ಕಲ್ಲದಾರಿಯಲ್ಲಿ ಕೈ ಸಡಿಲಿಸಿ ಓಡಿಸುವುದನ್ನು ಕಲಿತರು. ಬಿದ್ದರು, ಎದ್ದರು. ಮೊಣಕೈಗೆ ಅರಿಶಿಣ ಹಚ್ಚುವ ಕೆಲಸ ನನ್ನದಾಯಿತು.

ಶರ್ಯತ್ತಿನ ಬೆಳಿಗ್ಗೆ ಅಗಸಿಯ ಮುಂದೆ ಜನ ಕಿಕ್ಕಿರಿದಿದ್ದರು. ಆ ವರ್ಷದ ದೊಡ್ಡ ಎದುರಾಳಿ ಸೈನ್ಯದಿಂದ ರಜೆಯ ಮೇಲೆ ಬಂದಿದ್ದ ಒಬ್ಬ ಜವಾನ. ಬಿಜಾಪುರದ ಕಡೆಯ ತರುಣ, ಹಿಂದಿನ ಎರಡೂ ವರ್ಷ ಇವರನ್ನು ಹಿಂದೆ ಹಾಕಿದವನು. ಮಾತು ಕಡಿಮೆ, ಕಾಲು ಬಲ. ನಿವೃತ್ತ ಹೆಡ್‌ಮಾಸ್ತರರೊಬ್ಬರು ಸೀಟಿ ಊದುವ ಮೊದಲೇ ನಾನೂ ಅತ್ತೆಯೂ ಕಲ್ಲದಾರಿಯ ನಡುವೆ, ಕೆರೆಯ ತಿರುವಿನ ಹುಣಸೆ ಮರದ ಕೆಳಗೆ ಹೋಗಿ ನಿಂತಿದ್ದೆವು. ಶಾಲೆಗೆ ಹೋಗಿಬರುವ ನನ್ನ ಸೈಕಲ್ಲನ್ನು ಮರಕ್ಕೆ ಆನಿಸಿದ್ದೆ. ಕೈಯಲ್ಲಿ ನಟ್ಟು ಬಿಚ್ಚುವ ಪಾನಾ, ಪಕ್ಕದಲ್ಲಿ ಎರಡು ಗಾಲಿ, ಮುಂದಿನದೊಂದು, ಹಿಂದಿನದೊಂದು. ಹೆಣ್ಣುಮಕ್ಕಳು ಹೀಗೆ ನಡುದಾರಿಯಲ್ಲಿ ನಿಂತದ್ದನ್ನು ನೋಡಿ ಒಬ್ಬ ಹಿರಿಯರು, "ಇದೇನ್ ಹೊಸಾ ರೀತಿರಿ?" ಎಂದರು. ಅತ್ತೆ, "ಬಾಜು ಸರೀರಿ, ಗಾಲಿಗೆ ಕಾಲ್ ಹತ್ತೀತು" ಎಂದಷ್ಟೇ ಹೇಳಿದರು.

ಸವಾರರು ಧೂಳೆಬ್ಬಿಸಿ ಬಂದರು. ಮೂವತ್ತು ಸೈಕಲ್ಲುಗಳ ಪೆಡಲು, ಮಡಗಾರ್ಡು, ಸರಪಳಿ ಒಟ್ಟಿಗೆ ಕಲ್ಲಿನ ಮೇಲೆ ಅಲುಗಿದರೆ ಪಾತ್ರೆ ಅಂಗಡಿ ಉರುಳಿಬಿದ್ದಂತೆ ಸಪ್ಪಳ. ಇವರನ್ನು ಹುಡುಕುವುದರೊಳಗೇ ಇವರು ಕೈ ಎತ್ತಿದರು. ಹಿಂದಿನ ಗಾಲಿ ಚಪ್ಪಟೆಯಾಗಿತ್ತು. ಶರ್ಯತ್ತು ಶುರುವಾಗಿ ಇನ್ನೂ ಎರಡು ಮೈಲಿ ಆಗಿರಲಿಲ್ಲ.

ಅವರು ಸೈಕಲ್ ಬೋರಲು ಹಾಕಿದರು, ನಾನು ನಟ್ಟು ಬಿಚ್ಚಿದೆ, ಚೈನು ಎತ್ತಿದೆ, ಹಳೆಯ ಗಾಲಿ ಎಸೆದೆ, ಹೊಸದು ಕೂಡಿಸಿದೆ. ಅತ್ತೆ ಎದುರಿಗೆ ಮಜ್ಜಿಗೆ ಇಲ್ಲದಿದ್ದರೂ ಗಟ್ಟಿಯಾಗಿ ಎಣಿಸುತ್ತಿದ್ದರು. ಐವತ್ತೆರಡಕ್ಕೆ ಅವರು ಸೀಟಿನ ಮೇಲೆ ಹಾರಿ ಕೂತರು. ಎಲ್ಲರಿಗಿಂತ ಕೊನೆಯವರಾಗಿ ತಿರುವಿನಲ್ಲಿ ಮರೆಯಾದರು.

ಆಮೇಲಿನ ಎರಡು ತಾಸು ನನ್ನ ಜೀವನದ ಉದ್ದನೆಯ ಎರಡು ತಾಸು. ಕಲಘಟಗಿಯಿಂದ ಬರುವ ಬಸ್ಸೇ ನಮಗೆ ಆಕಾಶವಾಣಿ. ಬಸ್ಸು ಕಲ್ಲಿನ ಮೇಲೆ ಕುಲುಕುತ್ತ ಬಂದು ನಮ್ಮೆದುರು ನಿಧಾನ ಮಾಡಿತು. ಕಂಡಕ್ಟರು ಬಾಗಿಲಿಗೆ ಜೋತುಬಿದ್ದು ಕೂಗಿದ: "ಅಕ್ಕಾರ, ತಂಬೂರದಾಗ ಐದನೇದವ್ರಿದ್ರಂತ್ರಿ! ಕಲಘಟಗಿ ದಾಟೋವಾಗ ನಾ ನೋಡೇನಿ, ಮೂರನೇದವ್ರು! ಹಲ್ಲು ಕಾಣಸ್ಲಿಕ್ಕೆ ಹತ್ಯಾವ, ನಗತಾರೋ ದಣದಾರೋ ದೇವ್ರಿಗೇ ಗೊತ್ತು!" ಬಸ್ಸಿನೊಳಗಿನವರೆಲ್ಲ ಕೇಕೆ ಹಾಕಿದರು. ಅತ್ತೆ ಮೊದಲ ಸಲ ಮರದ ಬುಡದಲ್ಲಿ ಕೂತರು.

ಮತ್ತೆ ಧೂಳು ಕಂಡಾಗ ಮುಂದೆ ಇಬ್ಬರೇ ಇದ್ದರು. ಜವಾನ ಮುಂದೆ. ಅವನ ಹಿಂದಿನ ಗಾಲಿಗೆ ತಾಗುವಷ್ಟು ಹತ್ತಿರ ನನ್ನವರು. ಜವಾನ ಹ್ಯಾಂಡಲನ್ನು ಮುರಿಯುವಂತೆ ಹಿಡಿದಿದ್ದ. ಪ್ರತಿ ಕಲ್ಲಿಗೂ ಅವನ ಭುಜ, ಕುತ್ತಿಗೆ, ಗಲ್ಲ ಅದುರುತ್ತಿತ್ತು. ಇವರ ಕೈ ಹ್ಯಾಂಡಲಿನ ಮೇಲೆ ಸುಮ್ಮನೆ ಇಟ್ಟಂತಿತ್ತು. ಸೈಕಲ್ಲು ಕೆಳಗೆ ಕುಣಿಯುತ್ತಿತ್ತು, ಮೇಲಿನ ಮನುಷ್ಯ ತಣ್ಣಗಿದ್ದ. ನಾನು ಉಳಿದಿದ್ದ ಗಾಲಿ ಎತ್ತಿ ಹಿಡಿದೆ. ಬೇಡವೆಂದು ತಲೆ ಅಲ್ಲಾಡಿಸಿದರು.

"ಸಡಲ ಬಿಡಲೇ, ಸಡಲ ಬಿಡು!" ಎಂದು ಅತ್ತೆ ಕೂಗಿದರು.

ಅಲ್ಲಿಂದ ಅಗಸಿಗೆ ಇನ್ನು ಒಂದೂವರೆ ಮೈಲಿ. ರಸ್ತೆ ಕೆರೆಯನ್ನು ಬಳಸಿ ಹೋಗುತ್ತದೆ. ಕೆರೆಯ ಏರಿಯ ಮೇಲಿನ ಕಾಲುದಾರಿ ನೆಟ್ಟಗೆ. "ನೀ ನಡಿಯವಾ, ಗಾಲಿ ನಾ ತರ್ತೀನಿ" ಎಂದರು ಅತ್ತೆ. ನಾನು ಸೈಕಲ್ ಹತ್ತಿದೆ. ಏರಿಯ ಮೇಲೆ ಹೋಗುತ್ತ ನೀರಿನಾಚೆ ಅವರಿಬ್ಬರನ್ನೂ ನೋಡುತ್ತಿದ್ದೆ. ನನ್ನವರು ಪಕ್ಕಕ್ಕೆ ಸರಿದರು. ಸಮಸಮ ಬಂದರು. ಜವಾನ ಎದ್ದು ನಿಂತು ತುಳಿದ, ಒಂದು ಸೈಕಲ್ಲಿನಷ್ಟು ಮುಂದಾದ. ಅತ್ತಲೇ ನೋಡುತ್ತ ಮುಂದಿನ ದಾರಿ ಕಾಣದೆ ಜಾಲಿಗಿಡಕ್ಕೆ ಸೆರಗು ಸಿಕ್ಕಿಸಿಕೊಂಡೆ, ಹರಿದುಕೊಂಡೇ ಹೊರಟೆ.

ಅಗಸಿ ಮುಟ್ಟಿದಾಗ ಜನರ ಬೆನ್ನು ಬಿಟ್ಟು ಏನೂ ಕಾಣಲಿಲ್ಲ. ಯಾರೋ ನನ್ನನ್ನು ಗುರುತಿಸಿ, "ದಾರಿ ಬಿಡ್ರಿ, ಪೈಲ್ವಾನರ ಮನಿಯವ್ರು ಬಂದ್ರು!" ಎಂದು ಕೂಗಿದರು. ಜನ ಎರಡಾಗಿ ಸರಿದರು, ನಾನು ಮುಂದೆ ಬಂದೆ. ಅಡ್ಡ ಕಟ್ಟಿದ ಬಿಳಿ ನೂಲಿನ ಒಂದು ತುದಿ ಹೆಡ್‌ಮಾಸ್ತರರ ಬೆರಳಲ್ಲಿತ್ತು. ಎದುರಿಗೆ ಕೊನೆಯ ಇನ್ನೂರು ಮಾರು ಕಲ್ಲು. ಇಬ್ಬರೂ ಬರುತ್ತಿದ್ದರು. ಜವಾನನ ಮುಂದಿನ ಗಾಲಿ ಒಂದು ಸಂದಿಗೆ ಇಳಿದು ಎದ್ದಿತು. ಬೀಳಲಿಲ್ಲ ಅವನು, ಆದರೆ ಕ್ಷಣಕಾಲ ತುಳಿಯುವುದು ತಪ್ಪಿತು. ನನ್ನವರು ಆಗ ಸೀಟಿನಿಂದ ಎದ್ದರು. ಅಲ್ಲಿಯವರೆಗೆ ಎಲ್ಲಿ ಬಚ್ಚಿಟ್ಟಿದ್ದರೋ ಆ ಬಲವನ್ನು! ಅರ್ಧ ಗಾಲಿ ಮುಂದೆ, ಒಂದು ಗಾಲಿ ಮುಂದೆ. ನೂಲು ಅವರ ಎದೆಗೆ ತಗುಲಿ ಹೆಡ್‌ಮಾಸ್ತರರ ಬೆರಳಿಂದ ಕಿತ್ತುಕೊಂಡು ಹೋಯಿತು.

ಇಷ್ಟು ವರ್ಷ ಕಾದ ಜನ ಒಟ್ಟಿಗೇ ಕೂಗಿದರು. ಅಗಸಿಯ ಮೇಲಿನ ಪಾರಿವಾಳಗಳೆಲ್ಲ ಒಮ್ಮೆಲೇ ಹಾರಿದವು, ಅಂಥ ಕೂಗು. ಗಂಡಸರು ಅಳುತ್ತಿದ್ದರು. ಹೆಡ್‌ಮಾಸ್ತರರು ತಾವು ತೀರ್ಪುಗಾರರೆಂಬುದನ್ನೇ ಮರೆತು ಟೊಪ್ಪಿಗೆ ಮೇಲಕ್ಕೆ ಎಸೆದರು. ಅದು ಯಾರ ಕೈಗೆ ಸಿಕ್ಕಿತೋ ಕೊನೆಗೂ ತಿಳಿಯಲಿಲ್ಲ.

ಇವರು ಸೈಕಲ್ಲಿನಿಂದ ಇಳಿಯಲಾರದೆ ಹಾಗೇ ವಾಲಿದರು. ಹಿಡಿದವನು ಜವಾನ. ಅವನೇ ಇವರನ್ನು ಸೊಂಟ ಹಿಡಿದು ಎತ್ತಿ ಜನಕ್ಕೆ ತೋರಿಸಿದ. "ಎರಡು ವರ್ಷ ನಾ ಗೆದ್ದಾಗ ಈ ಊರಾಗ ಒಬ್ಬರೂ ಚಪ್ಪಾಳಿ ಹೊಡಿಲಿಲ್ರಿ," ಎಂದ ನಗುತ್ತ. "ಯಾಕಂತ ಇವತ್ತು ತಿಳೀತು."

ಇವರು ಉಸಿರು ಸಿಕ್ಕ ಕೂಡಲೇ ಹೇಳಿದ್ದು, "ಅವ್ವ ಎಲ್ಲಿ? ಈಕಿ ಎಲ್ಲಿ?" ನಾನು ನಾಲ್ಕು ಹೆಜ್ಜೆಯಲ್ಲೇ ಇದ್ದೆ. ಹರಿದ ಸೆರಗು, ಗ್ರೀಸು ಮೆತ್ತಿದ ಕೈ. ಮಾಲೆ ಹಾಕಲು ಬಂದವರನ್ನು ತಡೆದು, "ಐವತ್ತೆರಡು ಎಣಿಸೂದ್ರಾಗ ಗಾಲಿ ಬದಲ್ ಮಾಡ್ಯಾಳ ನಮ್ಮಾಕಿ. ಮೊದಲ ಆಕಿಗೆ ಹಾಕ್ರಿ," ಎಂದರು. ಮದುವೆಯಾದ ಮೂರು ವರ್ಷದಲ್ಲಿ ನಾಲ್ಕು ಜನರೆದುರು ಅವರು ನನ್ನ ಬಗ್ಗೆ ಆಡಿದ ಮೊದಲ ಮಾತು ಅದು. ಓಣಿಯ ಹೆಂಗಸರೇ ಮುಂದೆ ಬಂದು ಚೆಂಡುಹೂವಿನ ಮಾಲೆ ನನ್ನ ಕೊರಳಿಗೆ ಹಾಕಿದರು. ಅಷ್ಟರಲ್ಲಿ ಅತ್ತೆ ಎರಡೂ ಹೆಗಲಿಗೆ ಒಂದೊಂದು ಗಾಲಿ ತೂಗಿಹಾಕಿಕೊಂಡು ನಡೆದು ಬಂದರು. ಯಾರು ಗೆದ್ದರೆಂದು ಕೇಳುವ ಅಗತ್ಯವೇ ಇರಲಿಲ್ಲ; ಕೂಗು ಅವರಿಗೆ ಕೆರೆಯ ಏರಿಯ ಮೇಲೇ ಕೇಳಿಸಿತ್ತು. ಮಗನ ಮುಖವನ್ನು ಸೆರಗಿನಿಂದ ಒರೆಸಿ, "ಬಿಡ್ತಲ್ಲೋ ಪೀಡಾ," ಎಂದರು. ಅತ್ತೆಯ ಕೆನ್ನೆಯ ಧೂಳಿನಲ್ಲಿ ಕಣ್ಣೀರು ಎರಡು ಗೆರೆಯಾಗಿ ಇಳಿಯುತ್ತಿತ್ತು.

ಚಕ್ಕಡಿಯಲ್ಲಿ ಮೆರವಣಿಗೆ ಆಯಿತು. ಜವಾನನನ್ನೂ ಪಕ್ಕದಲ್ಲಿ ಕೂರಿಸಿಕೊಂಡೇ ಇವರು ಕೂತದ್ದು. ಮನೆಗೆ ಬಂದಾಗ ಪಡಸಾಲೆಯ ತುಂಬ ಜನ. ಜವಾನನಿಗೂ ಇವರಿಗೂ ಒಟ್ಟಿಗೆ ತಾಟು ಇಟ್ಟೆ: ಬಿಸಿ ರೊಟ್ಟಿ, ಎಣ್ಣೆಗಾಯಿ, ಕೆನೆಮೊಸರು. ಜವಾನ ಉಣ್ಣತೊಡಗಿದ. ಇವರು ರೊಟ್ಟಿ ಮುರಿಯಲು ಹೋಗಿ ಕೈ ಹಿಂದೆ ತೆಗೆದರು. ಅಂಗೈ ತಿರುಗಿಸಿ ನೋಡಿದರೆ ಬೊಬ್ಬೆ ಎದ್ದು ಒಡೆದಿದ್ದವು. ಎಷ್ಟು ಸಡಿಲ ಬಿಟ್ಟರೂ ಕಲ್ಲು ತನ್ನ ಪಾಲು ವಸೂಲು ಮಾಡಿತ್ತು.

ನಾನು ಸುತ್ತ ನೋಡಿದೆ. ಊರ ಹಿರಿಯರು, ಓಣಿಯವರು, ಎದುರಿಗೆ ಅತ್ತೆ. "ತಿನಸವಾ," ಎಂದರು ಅತ್ತೆ, "ಯಾರೇನು ಅಂತಾರ ಇವತ್ತ?" ನಾನು ನನ್ನವರ ಎದುರು ಕೂತು ರೊಟ್ಟಿ ಮುರಿದು, ಎಣ್ಣೆಗಾಯಿ ಸುತ್ತಿ, ಬಾಯಿಗೆ ಇಟ್ಟೆ. ಅವರು ಅಗಿಯುತ್ತಲೇ ನಗುತ್ತಿದ್ದರು. ನಾಲ್ಕು ರೊಟ್ಟಿ ಮುಗಿಯುವವರೆಗೂ ಪಡಸಾಲೆಯಿಂದ ಒಬ್ಬರೂ ಏಳಲಿಲ್ಲ.