ತಂಗಿಯನ್ನು ಮಣ್ಣು ಮಾಡಿದ ಜಾಗ

ರಾಣೆಬೆನ್ನೂರಿನ ಮೇಡ್ಲೇರಿ ರಸ್ತೆಯ ಲೇಔಟುಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮರವೆಲ್ಲ ಕಡಿದು, ಕಮಾನಿನ ಮೇಲೆ 'ವನ' ಅಂತ ಬರೆಸುವ ಬುದ್ಧಿವಂತರು ಕಟ್ಟಿದ್ದು ಅವು. ಊರು ಬೆಳೆಯಬಾರದೆಂದು ನಾನು ಹೇಳುವವಳಲ್ಲ, ನಾವೂ ಸೈಟು ಕೊಂಡೇ ಮನೆ ಕಟ್ಟಿಸಿದವರು. ಆದರೆ ನನ್ನ ತಂಗಿ ಅಲ್ಲಿಯ ಹಳ್ಳದ ದಂಡೆಯಲ್ಲಿದ್ದಳು.

ಹೆಸರಿಟ್ಟು ತೊಟ್ಟಿಲಿಗೆ ಹಾಕುವ ಮೊದಲೇ ತೀರಿಕೊಂಡ ಕೂಸು. ನಮ್ಮಲ್ಲಿ ಅಂಥ ಕೂಸನ್ನು ಗಂಡಸರೇ ಒಯ್ದು ಮಣ್ಣು ಮಾಡಿ ಬರುತ್ತಾರೆ. ಕಲ್ಲು ನಿಲ್ಲಿಸುವುದಿಲ್ಲ, ಜಾಗವನ್ನು ತಾಯಿಗೆ ಹೇಳುವುದಿಲ್ಲ. ಹೇಳಿದರೆ ಅಲ್ಲೇ ಹೋಗಿ ಕೂತುಬಿಡುತ್ತಾಳೆ, ಮತ್ತೆ ಮಡಿಲು ತುಂಬುವುದಿಲ್ಲ ಅಂತ ನಂಬಿಕೆ. ಆವತ್ತು ಅಪ್ಪ ಒಬ್ಬನೇ ಹೋಗಿದ್ದ. ನಲವತ್ತು ವರ್ಷ ಬಾಯಿ ಬಿಡಲಿಲ್ಲ.

ಎದೆನೋವು ಬಂದು, ಹಾವೇರಿಯ ಆಸ್ಪತ್ರೆಯಿಂದ ಅಪ್ಪ ಮನೆಗೆ ಮರಳಿದ ದಿನವೇ ಅವ್ವ ಪಟ್ಟು ಹಿಡಿದಳು.

"ನೀವು ಹ್ವಾದ್ರ ನಾ ಯಾರನ್ನ ಕೇಳ್ಲಿ? ಒಮ್ಮೆರ ಅದಕ್ಕ ಹಾಲು ಹಾಕ್ತೇನ್ರಿ."

ಅಪ್ಪ ಎದ್ದು ಚಪ್ಪಲಿ ಮೆಟ್ಟಿದ. "ಆತು, ನಡಿ" ಅಂದ.

ಮೂವರೂ ಆಟೋದಲ್ಲಿ ಹೋದೆವು. ಅಪ್ಪ ಆವತ್ತು ಗುರುತಿಟ್ಟುಕೊಂಡಿದ್ದ ಹುಣಸೆಮರ ಹುಡುಕಿದ, ಅದು ಇರಲಿಲ್ಲ. ಹಳ್ಳ ಹುಡುಕಿದ, ಅದರ ಮೇಲೆ ಕಾಂಕ್ರೀಟ್ ರಸ್ತೆ ಇತ್ತು. ಒಂದನೇ ಕ್ರಾಸು, ಮೂರನೇ ಕ್ರಾಸು, ಮತ್ತೆ ಒಂದನೇ ಕ್ರಾಸು. ಹಾಲಿನ ತಂಬಿಗೆ ಹಿಡಿದು ಅವ್ವ ಹಿಂದೆ ಹಿಂದೆ. ಕೊನೆಗೆ ಅಪ್ಪ ಒಂದು ಎರಡಂತಸ್ತಿನ ಮನೆಯ ಗೇಟಿನ ಮುಂದೆ ನಿಂತ.

"ಇಲ್ಲೇ."

"ಖರೇನ?"

"ಖರೇ."

ಅವ್ವ ಗೇಟಿನ ಬುಡಕ್ಕೆ ಹಾಲೆರೆದು ಮನಸಾರೆ ಅತ್ತಳು. ಆ ದಿನ ಒಂದು ರೊಟ್ಟಿ ಹೆಚ್ಚಿಗೇ ಉಂಡಳು.

ಸಂಜೆ ಅಪ್ಪ ನನ್ನೊಬ್ಬಳಿಗೇ ಹೇಳಿದ: "ನನಗ ಗುರ್ತು ಸಿಗ್ಲಿಲ್ಲವ್ವ. ಅಕಿ ಕಾಲು ಸೋತಿದ್ವು, ಅದಕ್ಕ ಅಂದೆ." ನಾನೂ ಬಾಯಿ ಮುಚ್ಚಿಕೊಂಡೆ. ಅವ್ವನ ನೆಮ್ಮದಿ ಕೆಡಿಸಲು ನನಗೆ ಧೈರ್ಯ ಸಾಲಲಿಲ್ಲ. ಎರಡು ತಿಂಗಳಿಗೆ ಅಪ್ಪ ಹೋಗಿಬಿಟ್ಟ.

ಅವ್ವ ನನಗೆ ತಿಳಿಸದೆ ಅಮಾವಾಸ್ಯೆಗೊಮ್ಮೆ ಅಲ್ಲಿಗೆ ಹಾಲು ಒಯ್ಯತೊಡಗಿದ್ದಳು. ಆ ಮನೆ ಬ್ಯಾಡಗಿಯಿಂದ ಬಂದ ಮೆಣಸಿನಕಾಯಿ ವ್ಯಾಪಾರಿಯದು. ಅಮಾವಾಸ್ಯೆಯ ದಿನ ಬಾಗಿಲಲ್ಲಿ ಹಾಲು ಬಿದ್ದಿದ್ದರೆ ಯಾರಾದರೂ ಮಾಟ ಅಂತಲೇ ತಿಳಿಯುತ್ತಾರೆ, ಅವರನ್ನು ದೂರಲಾರೆ. ನಾಲ್ಕನೇ ಸಲ ಸಿಕ್ಕಿಬಿದ್ದಳು. ಗುರುತಿನವರೊಬ್ಬರು ಫೋನು ಮಾಡಿದರು, ಓಡಿದೆ. ಓಣಿಯೇ ಸೇರಿತ್ತು. ಅವ್ವ ನೆಲದ ಮೇಲೆ ಕೂತಿದ್ದಳು, ಸೀರೆಯೆಲ್ಲ ಹಾಲು.

"ನಮ್ಮ ಸೊಸಿ ಬಸರಾಗ್ಯಾಳ! ಏನು ಮಾಡ್ಸಿ ಹಾಕೀದಿ ಇಲ್ಲಿ?" ಆ ಮನೆಯ ಯಜಮಾನಿ ಅರಚುತ್ತಿದ್ದಳು.

"ನನ್ನ ಕೂಸು ಐತ್ರಿ ನಿಮ್ಮ ಮನಿ ಬುಡಕ. ಮತ್ತೇನಿಲ್ರಿ."

ಯಜಮಾನಿ ಗೇಟಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಬಾಗಿಲಲ್ಲಿ ನಿಂತ ಸೊಸೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಬಿಕ್ಕತೊಡಗಿದಳು. ಆ ಹುಡುಗಿಯ ಮುಖ ನೋಡಿ ನನಗೆ ತಡೆಯಲಾಗಲಿಲ್ಲ.

"ಇಲ್ಲವ್ವಾ, ಇಲ್ಲಿಲ್ಲ. ಅಪ್ಪಗ ಜಾಗ ಗುರ್ತು ಸಿಕ್ಕಿರಲಿಲ್ಲ. ಸುಮ್ನ ತೋರ್ಸಿದ್ದ."

ಅವ್ವ ನನ್ನನ್ನು ನೋಡಿದಳು. ಆಮೇಲೆ ಆ ಉದ್ದನೆಯ ಸಾಲುಮನೆಗಳನ್ನು ನೋಡಿದಳು.

"ಹಂಗಾರ ಎಲ್ಲೈತಿ?"

ಸೇರಿದ್ದ ಮಂದಿ ಒಬ್ಬೊಬ್ಬರಾಗಿ ತಮ್ಮ ತಮ್ಮ ಮನೆಗಳ ಕಡೆ ತಿರುಗಿ ನೋಡಿದರು.