ಪಕ್ಕದ ಸೀಟಿಗೆ ಇನ್ಶೂರೆನ್ಸ್ ಇಲ್ಲ

ಅಪ್ಪನ ಜೀಪು ನನಗಿಂತ ಹಿರಿಯದು. ಅಪ್ಪ ಹೋದ ಮೇಲೆ ನನ್ನ ಪಾಲಿಗೆ ಬಂತು. ಶೋಕಿಗೆ ಇಟ್ಟುಕೊಂಡಿದ್ದಲ್ಲ, ನಾನು ಪಾಠ ಮಾಡುವ ಮದ್ದೂರಿನ ಹೈಸ್ಕೂಲಿಗೆ ದಿನಾ ಅದರಲ್ಲೇ ಹೋಗಿ ಬರುತ್ತೇನೆ. ಹೊಸ ಕಾರು ತಗೊಳ್ಳಬಾರದೇ ಎಂದು ಉಪದೇಶ ಮಾಡುವ ಸಹೋದ್ಯೋಗಿಗಳಿಗೆ, ಕೊಪ್ಪ ದಾಟಿ ನಮ್ಮೂರಿನ ನಾಲೆ ಏರಿಯ ಮೇಲೆ ಒಂದು ಸಲ ನಿಮ್ಮ ಕಾರು ತಂದು ತೋರಿಸಿ ಎನ್ನುತ್ತೇನೆ. ಇದುವರೆಗೆ ಯಾರೂ ಬಂದಿಲ್ಲ.

ಈ ವರ್ಷ ಇನ್ಶೂರೆನ್ಸ್ ಮುಗಿಯುತ್ತಾ ಬಂದಾಗ ಮದ್ದೂರಿನ ಏಜೆಂಟರ ಹತ್ತಿರ ಹೋದೆ. ಅಪ್ಪನ ಕಾಲದಿಂದಲೂ ಮಾಡಿಕೊಡುತ್ತಿದ್ದವರು ಅವರೇ. ಕಂಪ್ಯೂಟರ್ ನೋಡಿ ತಲೆಯಾಡಿಸಿದರು.

"ಈ ಸಲ ಫುಲ್ ಇನ್ಸೂರೆನ್ಸ್ ಆಗಾಕಿಲ್ಲ ಕಣಮ್ಮ. ಇಷ್ಟು ಅಳೇ ಗಾಡಿಗೆ ಯಾವ ಕಂಪ್ನಿನೂ ಒಪ್ತಿಲ್ಲ. ವಿಂಟೇಜ್ ಅಂತ ಮಾಡ್ಸುದ್ರೆ ಬೇರೆ ದಾರಿ ಐತೆ. ಆದ್ರೆ ದಿನಾ ಓಡ್ಸಂಗಿಲ್ಲ, ಶೋಗೆ ಮಾತ್ರ."

"ಇದನ್ನ ಶೋಗೆ ನಿಲ್ಸಿ ನಾನು ಇಸ್ಕೂಲಿಗೆ ನಡ್ಕಂಡು ಓಗ್ಲಾ?" ಎಂದು ರೇಗಿದೆ.

"ಅಂಗಾದ್ರೆ ಥರ್ಡ್ ಪಾರ್ಟಿ ಒಂದೇ. ರೋಡಲ್ಲಿ ಯಾರಿಗಾದ್ರೂ ಗುದ್ದುದ್ರೆ ಅವ್ರಿಗೆ ಪರಿಹಾರ ಸಿಕ್ತದೆ."

"ಒಳಗೆ ಕೂತಿರೋರಿಗೆ?"

"ಅವ್ರಿಗಿಲ್ಲ."

ಜಾಸ್ತಿ ದುಡ್ಡು ಕಟ್ಟಿ ಅವರನ್ನೂ ಸೇರಿಸಲಾಗದೇ ಎಂದು ಕೇಳಿದೆ. ಈ ಗಾಡಿಗೆ ಕಂಪನಿ ಅದನ್ನೂ ಕೊಡುತ್ತಿಲ್ಲ ಎಂದರು. ಬೇರೆ ದಾರಿಯಿಲ್ಲದೆ ಥರ್ಡ್ ಪಾರ್ಟಿಯನ್ನೇ ಮಾಡಿಸಿ ಹೊರಟೆ.

ನನ್ನ ಪಕ್ಕದ ಸೀಟು ಸಂಜೆ ಎಂದೂ ಖಾಲಿ ಇರುತ್ತಿರಲಿಲ್ಲ. ವರಸೆಯಲ್ಲಿ ನನಗೆ ಚಿಕ್ಕವ್ವನಾಗಬೇಕಾದ ಪಕ್ಕದ ಮನೆಯವಳು ಗೆಜ್ಜಲಗೆರೆಯ ಕಾರ್ಖಾನೆಯೊಂದರಲ್ಲಿ ಕಸ ಗುಡಿಸುವ ಕೆಲಸ ಮಾಡುತ್ತಾಳೆ. ಗಂಡ ಹಾಸಿಗೆ ಹಿಡಿದಿದ್ದಾನೆ, ಮನೆ ನಡೆಯುವುದು ಅವಳ ದುಡಿಮೆಯಿಂದಲೇ. ಸಂಜೆ ಕೊಪ್ಪದವರೆಗೆ ಬಸ್ಸು ಸಿಗುತ್ತದೆ, ಅಲ್ಲಿಂದ ನಮ್ಮೂರಿಗೆ ಆ ಹೊತ್ತಿನಲ್ಲಿ ಏನೂ ಇಲ್ಲ. ಕೊಪ್ಪದಲ್ಲಿ ನನ್ನ ಜೀಪು ಕಂಡರೆ ಕೈ ಸಹ ತೋರಿಸದೆ, ನೆರಿಗೆ ಎತ್ತಿ ಹಿಡಿದು ಹತ್ತಿ ಕೂರುತ್ತಿದ್ದಳು. ಊರ ಕಡೆ ಹೋಗುವ ಗಾಡಿಯಲ್ಲಿ ಜಾಗವಿದ್ದರೆ ಕೇಳಿ ಹತ್ತುವ ರೂಢಿ ನಮ್ಮ ಕಡೆ ಇಲ್ಲ.

ಅವತ್ತೂ ಹತ್ತಿದಳು. ಎದುರಿಗೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಬಂದಾಗ ಗಾಡಿಯನ್ನು ಪೂರ್ತಿ ನಿಲ್ಲಿಸಿ ಅದಕ್ಕೆ ದಾರಿ ಬಿಟ್ಟೆ. ಎಷ್ಟೋ ವರ್ಷದಿಂದ ಓಡಿಸಿದ ರಸ್ತೆ, ಆದರೂ ಏರಿಯ ಮೇಲೆ ಹೋಗುವಾಗ ಕೆಳಗಿನ ನೀರೇ ಕಣ್ಣಿಗೆ ಕಾಣುತ್ತಿತ್ತು. ಗಾಡಿ ಜಾರಿ ಇವಳ ಕೈಕಾಲು ಮುರಿದರೆ ಆ ಗಂಡನ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ? ಮನೆಗೆ ಬಂದರೆ ಊಟ ಸೇರಲಿಲ್ಲ.

ಮಾರನೆಯ ಸಂಜೆ ಅವಳು ಹತ್ತುವ ಮೊದಲೇ ಹೇಳಿಬಿಟ್ಟೆ. "ಚಿಕ್ಕವ್ವ, ಈ ಗಾಡೀಲಿ ಕೂತೋರಿಗೆ ಇನ್ಮೇಲೆ ಇನ್ಶೂರೆನ್ಸ್ ಇಲ್ಲ. ಎಚ್ಚುಕಮ್ಮಿ ಆದ್ರೆ ನಿಂಗೇನೂ ಬರಾಕಿಲ್ಲ."

ಒಂದು ಕಾಲು ಒಳಗಿಟ್ಟಿದ್ದವಳು ಹಾಗೇ ನಿಂತಳು.

"ಅತ್ಬ್ಯಾಡ ಅಂತ ನೆಟ್ಟಗೆ ಅನ್ನು. ಇನ್ಸೂರೆನ್ಸ್ ಯಾಕವ್ವ ಎಳ್ಕಂಡ್ ಬತ್ತೀಯೆ? ನಿಮ್ಮಪ್ಪ ಯಾವತ್ತಾದ್ರೂ ಇಂಗಂದಿದ್ರಾ?"

ಕಾಲು ಹಿಂದಕ್ಕೆ ತೆಗೆದಳು. ನನಗೂ ಕೋಪ ಮೂಗಿನ ತುದಿಯಲ್ಲೇ. "ನಿನ್ನ ಒಳ್ಳೇದಕ್ಕೇ ಏಳ್ದೆ, ಬ್ಯಾಡದಿದ್ರೆ ಬುಡು" ಎಂದು ಗೇರ್ ಹಾಕಿದೆ. ಊರು ಮುಟ್ಟುವಷ್ಟರಲ್ಲಿ ಕೋಪ ಇಳಿದಿತ್ತು. ಮರುದಿನ ಗಾಡಿ ನಿಲ್ಲಿಸಿ ಕರೆದೆ, ಬರಲಿಲ್ಲ. ಆಮೇಲಾಮೇಲೆ ಜೀಪಿನ ಸದ್ದು ಕೇಳಿದರೇ ಮುಖ ಆಚೆ ತಿರುಗಿಸುತ್ತಿದ್ದಳು.

ಒಂದು ದಿನ ಸ್ಕೂಲಿನಲ್ಲಿ ಮೀಟಿಂಗು ಮುಗಿದು ಹೊರಡುವಾಗ ಕತ್ತಲು ಕವಿಯುತ್ತಿತ್ತು. ಏರಿಯ ಮೇಲೆ ಹೆಡ್‌ಲೈಟಿನಲ್ಲಿ ಅವಳ ಬೆನ್ನು ಕಂಡಿತು. ಊಟದ ಡಬ್ಬಿಯ ಚೀಲವನ್ನು ಕಂಕುಳಲ್ಲಿ ಅವುಚಿಕೊಂಡು ಅಂಚಿನಲ್ಲಿ ನಡೆಯುತ್ತಿದ್ದಳು. ಈಗ ಅವಳು ರಸ್ತೆಯಲ್ಲಿರುವವಳು. ನಾನು ಗುದ್ದಿದರೆ ಅವಳ ಮನೆಗೆ ಪರಿಹಾರ ಬರುತ್ತದೆ. ಇಂಥ ಲೆಕ್ಕ ನನ್ನ ತಲೆಗೆ ಬಂತಲ್ಲ ಎಂದು ನನ್ನ ಮೇಲೆಯೇ ಹೇಸಿಗೆಯಾಯಿತು.

ಗಾಡಿಯನ್ನು ಮೊದಲನೇ ಗೇರಿಗೆ ಇಳಿಸಿ, ಅವಳಿಗೆ ದಾರಿ ಕಾಣಲಿ ಎಂದು ಹಿಂದೆಯೇ ನಿಧಾನವಾಗಿ ಹೋದೆ. "ಬಾ ಚಿಕ್ಕವ್ವ, ಕೂತ್ಕೊ" ಎಂದು ಕೂಗಿದೆ. ಅವಳು ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ತಿರುಗಿದಳು.

"ಮುಂದುಕ್ ಓಗವ್ವ. ನಿನ್ ಬೆಳಕಲ್ಲಿ ನನ್ ನೆಳ್ಳೇ ಅಡ್ಡ ಬತ್ತದೆ, ದಾರಿ ಕಾಣಾಕಿಲ್ಲ."

ಪಕ್ಕಕ್ಕೆ ಸರಿದು ಜೀಪಿಗೆ ದಾರಿ ಬಿಟ್ಟಳು. ನಾನು ಅವಳನ್ನು ದಾಟಿ ಮುಂದೆ ಹೋದೆ. ಕನ್ನಡಿಯಲ್ಲಿ ನೋಡಿದರೆ ಹಿಂದೆ ಏರಿಯೂ ಕಾಣಲಿಲ್ಲ, ಅವಳೂ ಕಾಣಲಿಲ್ಲ.